ನಾಲ್ಕು ಕಲ್ಲುಗಳ ಕೆಳಗೆ

ಆರು ತುಂಡುಗಳಲ್ಲಿ ಒಂದು ಮಾತ್ರ ಕರಗಿತ್ತು. ಚನ್ನವೀರಪ್ಪ ಅದನ್ನು ಬೆಳಕಿಗೆ ಹಿಡಿದ. ಹುಳು ತಿಂದ ಎಲೆಯಂತೆ ತೂತುತೂತು. ಬೆರಳು ತಾಕಿದಲ್ಲೆಲ್ಲ ಪುಡಿಯಾಗುತ್ತಿತ್ತು. ಮಿಕ್ಕ ಐದು ತುಂಡುಗಳು ಆರು ತಿಂಗಳು ಮಣ್ಣಿನಲ್ಲಿದ್ದೂ ಹೂತ ದಿನದಷ್ಟೇ ಗಟ್ಟಿ.

ದಾವಣಗೆರೆ ಕಡೆಯ ಅವನು ರಾಜಾಜಿನಗರದಲ್ಲಿ ವೆಂಕಟರಮಣಪ್ಪನವರ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಮೂರು ವರ್ಷದಿಂದ ಟೆಂಪರರಿ. ಹೊರದೇಶದಿಂದ ಒಂದು ಹೊಸ ಪಾಲಿಯೆಸ್ಟರ್ ಬಂದಿತ್ತು. ಮಣ್ಣಿನ ಸೂಕ್ಷ್ಮಜೀವಿಗಳು ಅದರ ಉದ್ದನೆಯ ಸರಪಳಿಯನ್ನು ತುಂಡುತುಂಡು ಮಾಡಿ ತಿಂದು ಮುಗಿಸುತ್ತವಂತೆ. ಅದರಲ್ಲಿ ಸಸಿಯ ಚೀಲ ಮಾಡಿದರೆ ಚೀಲದ ಸಮೇತ ನೆಡಬಹುದು, ಚೀಲ ಕರಗಿ ಬೇರು ಹೊರಬರುತ್ತದೆ ಎಂದು ಯಜಮಾನರ ಆಸೆ. ಪರೀಕ್ಷೆ ಗೆದ್ದರೆ ಕೆಲಸ ಖಾಯಂ ಎಂದಿದ್ದರು. ಜೊತೆಯವರು ಅವನ ಪಾಲಿಯೆಸ್ಟರ್ ಪ್ಯಾಂಟು ನೋಡಿ, ಮಳೇಲಿ ನೆನೀಬೇಡ ಗುರು, ಕರಗಿಹೋದೀತು ಎಂದು ನಗುತ್ತಿದ್ದರು.

ಕಾರ್ತಿಕದಲ್ಲಿ ಅವನು ಬ್ಯಾಡರಹಳ್ಳಿಯ ಒಂದು ಖಾಲಿ ಸೈಟಿನಲ್ಲಿ ತುಂಡುಗಳನ್ನು ತೆಳು ಬಿಳಿ ಬಟ್ಟೆಯಲ್ಲಿ ಸುತ್ತಿ, ಸಾಲಾಗಿ ಹೂತು, ಗುರುತಿಗೆಂದು ಸಾಲಿನ ತುದಿಯಲ್ಲಿ ನಾಲ್ಕು ಕಲ್ಲು ಇಟ್ಟಿದ್ದ. ತಿಂಗಳಿಗೊಮ್ಮೆ ಹೋಗಿ ಆ ಕಲ್ಲುಗಳ ಬಳಿ ಕುಕ್ಕರಗಾಲಲ್ಲಿ ಕೂತು, ಮಣ್ಣಿಗೆ ಥರ್ಮಾಮೀಟರ್ ಚುಚ್ಚಿ, ಪಾದರಸ ನಿಲ್ಲುವವರೆಗೂ ತಲೆ ಬಗ್ಗಿಸಿ ಕಾಯುತ್ತಿದ್ದ. ಈಗ ಕರಗಿದ್ದು ಆ ಕಲ್ಲುಗಳ ಕೆಳಗಿನದು. ಉಳಿದ ಕಡೆ ಮಣ್ಣು ಬೇಸಿಗೆಗೆ ಬಿರಿದು ನಿಂತಿದ್ದರೆ ಅಲ್ಲಿ ಮಾತ್ರ ಕಪ್ಪಗೆ, ತೇವವಾಗಿ, ಹುಳಿ ವಾಸನೆ ಹೊಡೆಯುತ್ತಿತ್ತು.

ಅರ್ಥವಾಗದೆ ಅವನು ಗುಂಡಿ ಮುಚ್ಚಿದ. ಕಲ್ಲು ಎತ್ತಿ ಎಸೆಯಬೇಕೆನ್ನುವಷ್ಟರಲ್ಲಿ ಪಕ್ಕದ ಮನೆಯ ನೀಲಮ್ಮ ಲೋಟ ಹಿಡಿದು ಬಂದಳು. ಅವನನ್ನು ನೋಡಿ ಒಂದು ಗಳಿಗೆ ಹಿಂಜರಿದು, ಆಮೇಲೆ ಆ ಜಾಗಕ್ಕೆ ಹಾಲು ಸುರಿದಳು.

ಇದೇನಮ್ಮ ಎಂದು ಅವನು ಕೇಳಿದ.

"ದಿನಾ ಬಾಗಿಲಿಗೆ ಹಾಕಿ ಮಿಕ್ಕಿದ ಸಗಣಿನೀರು ಹಾಕ್ತೀನಿ, ಸೋಮವಾರ ಹಾಲು. ತಪ್ಪು ತಿಳ್ಕೋಬೇಡಿ. ಬಿಳಿ ಬಟ್ಟೇಲಿ ಸುತ್ಕೊಂಡು ಬಂದು ಮಣ್ಣು ಮಾಡಿದ್ರಿ. ಬಂದಾಗೆಲ್ಲ ತಲೆ ತಗ್ಗಿಸ್ಕೊಂಡು ಕೂತಿರ್ತಿದ್ರಿ. ಕೇಳೋ ಮಾತಾ ಅದು? ನಂದೂ ಒಂದು ಕೂಸು ಹೋಗಿದೆ." ಅವಳು ಲೋಟವನ್ನು ಸೆರಗಿನಲ್ಲಿ ಒರೆಸಿಕೊಂಡಳು. "ಗಂಡಾ, ಹೆಣ್ಣಾ?"

ಚನ್ನವೀರಪ್ಪನಿಗೆ ಮದುವೆಯೇ ಆಗಿರಲಿಲ್ಲ. ಪ್ಲಾಸ್ಟಿಕ್ ಎನ್ನಲು ಬಾಯಿ ತೆರೆದ.

"ಹೆಣ್ಣು," ಎಂದ.

ಕೈಯಲ್ಲಿದ್ದ ಕಲ್ಲನ್ನು ಇದ್ದಲ್ಲೇ ಇಟ್ಟ. ಬಸ್ ಸ್ಟಾಪಿನಲ್ಲಿ ಕರಗಿದ ತುಂಡನ್ನು ಕವರಿಗೆ ಹಾಕಿಕೊಂಡು, ಉಳಿದ ಐದನ್ನು ಮಡಿಚಿ ಪ್ಯಾಂಟಿನ ಜೇಬಿಗೆ ತುರುಕಿದ. ಒಂದು ಸುಳ್ಳು ಹೇಳಿಯಾದ ಮೇಲೆ ನಾಲಿಗೆ ಹಗುರವಾಗಿತ್ತು.

ವೆಂಕಟರಮಣಪ್ಪ ಕವರನ್ನು ಕಿಟಕಿಗೆ ಹಿಡಿದು ನೋಡಿದರು. "ಯಾವ ಮಣ್ಣು ಕಣ್ರೀ?"

"ಮಾಮೂಲಿ ಮಣ್ಣು ಸಾರ್."

ಆ ವಾರವೇ ಖಾಯಂ ಆರ್ಡರ್ ಕೈಗೆ ಬಂತು. ಚೀಲಗಳೂ ತಯಾರಾದವು. ಮಳೆಗಾಲ ಮುಗಿಯುವ ಹೊತ್ತಿಗೆ ಕೆಂಗೇರಿ ಉಪನಗರದಾಚೆ ಮೈಸೂರು ರಸ್ತೆಯುದ್ದಕ್ಕೂ ಸಸಿಗಳನ್ನು ಚೀಲದ ಸಮೇತ ನೆಟ್ಟರು. ಬ್ಯಾಡರಹಳ್ಳಿಯ ಕಡೆ ಅವನು ಮತ್ತೆ ಹೋಗಲಿಲ್ಲ.

ಮರುವರ್ಷದ ಏಪ್ರಿಲ್‌ನಲ್ಲಿ ಮೈಸೂರು ರಸ್ತೆಯಲ್ಲಿ ಅವನ ಬಸ್ಸು ಕೆಟ್ಟು ನಿಂತಿತು. ಇಳಿದು ನೋಡಿದರೆ ಹೊಂಗೆಯ ಸಸಿಗಳು ಕಡ್ಡಿಯಾಗಿದ್ದವು. ಒಂದನ್ನು ಹಿಡಿದೆಳೆದ. ಜಲ್ಲಿ ತುಂಬಿದ ಒಣಮಣ್ಣಿನಿಂದ ಚೀಲ ಇಡಿಯಾಗಿ ಎದ್ದುಬಂತು, ಅಂಚಿನ ಬೆಸುಗೆ ಕೂಡ ಬಿಟ್ಟಿರಲಿಲ್ಲ. ಒಳಗೆ ಬೇರು ದಾರಿ ಹುಡುಕಿ ಹುಡುಕಿ, ಸಿಂಬಿ ಸುತ್ತಿದಂತೆ ತನ್ನನ್ನೇ ಸುತ್ತಿಕೊಂಡು ಸತ್ತಿತ್ತು.

ಪಕ್ಕದ ಸಸಿಯಲ್ಲಿ ಇನ್ನೂ ಎರಡು ಹಸಿರೆಲೆ ಇದ್ದವು. ಅವನು ಅದರ ಬುಡ ಕೆದಕಿ, ಕೂತು, ಉಗುರಿನಿಂದ ಚೀಲ ಹರಿಯತೊಡಗಿದ. ಆಮೇಲೆ ಇನ್ನೊಂದು. ಮೂರನೆಯದಕ್ಕೆ ಉಗುರು ಕಿತ್ತು ರಕ್ತ ಬಂತು. ಸಾಲು ರಸ್ತೆಯ ತಿರುವಿನವರೆಗೂ ಇತ್ತು. ಹಿಂದಿನಿಂದ ಇನ್ನೊಂದು ಬಸ್ಸು ಬಂದು ನಿಂತಿತು; ಹತ್ತುವುದಾದರೆ ಹತ್ತಿ ಎಂದು ಕಂಡಕ್ಟರ್ ಕೂಗಿದ. ಚನ್ನವೀರಪ್ಪ ಮಣ್ಣು ಕೈ ಒರೆಸಿಕೊಂಡು ಹತ್ತಿದ.