ಗಿಳಿ ಕೂತು ಕೇಳಿದ ಹಾಡು

ನಮ್ಮ ಹೆವಿ ಮೆಟಲ್ ಬ್ಯಾಂಡಿನ ಹೆಸರು ‘ಸಿಡಿಲಮರಿ’, ಊರು ಗಜೇಂದ್ರಗಡ. ಜಯಂತ ಹಾಡುತ್ತಾನೆ, ಅಂದರೆ ಕಿರುಚುತ್ತಾನೆ. ನಾನು ಡ್ರಮ್ಸ್ ಬಾರಿಸುತ್ತೇನೆ. ಮೊದಲ ಆಲ್ಬಮ್ ‘ಕಲ್ಲುಕುಟ್ಟು’ ಬಂದಾಗ ಎಲ್ಲೆಲ್ಲಿಯದೋ ಹುಡುಗರು ಕೇಳಿ ಕೊಂಡಾಡಿದರು. ಆದರೆ ಹಾಡಿನ ಒಂದಕ್ಷರವೂ ತಿಳಿಯುವುದಿಲ್ಲ ಎಂದು ಯಾರೋ ಅಂದದ್ದು ಜಯಂತನಿಗೆ ಚುಚ್ಚಿಬಿಟ್ಟಿತು. ಹಾಡುಗಳನ್ನು ಬರೆಯುವವನೂ ಅವನೇ, ಪಾಪ.

ಹಾಗಾಗಿ ಎರಡನೆಯ ಆಲ್ಬಮ್ ‘ಒಳಮಾತು’ ಮಾಡುವಾಗ ಅವನು ಕಿರುಚಲಿಲ್ಲ. ಒಂದೊಂದು ಸಾಲನ್ನೂ ತಿದ್ದಿ ತೀಡಿ, ಮೆಲ್ಲಗೆ, ಬಿಡಿಸಿ ಬಿಡಿಸಿ ಹಾಡಿದ. ನನಗೂ ಡ್ರಮ್ಮನ್ನು ಬಡಿಯಬೇಡ, ಸವರು ಎಂದ. ಕೇಳಿದವರು ‘ನಿದ್ದೆ ಬಂತು’ ಎಂದು ಬರೆದರು. ಒಬ್ಬನಂತೂ ಇದು ಮೆಟಲ್ ಹೌದು, ಆದರೆ ಅಲ್ಯುಮಿನಿಯಂ ಎಂದ.

ಮೆಚ್ಚಿದವರು ಒಬ್ಬರೇ, ಜಯಂತನ ತಾಯಿ ಗಂಗಾಬಾಯಿ. “ಛಲೋ ಅದನೋ. ಹೂಬತ್ತಿ ಮಾಡ್ಲಿಕ್ಕೆ ಕೂತಾಗ ಹಚ್ಚಿಕೊಂಡ್ರ ಭಾಳ ಹಿತ ಅನಸ್ತದ,” ಎಂದರು. ಹೆವಿ ಮೆಟಲ್ ಹಾಡುಗಾರನಿಗೆ ಇದಕ್ಕಿಂತ ದೊಡ್ಡ ಬೈಗುಳ ಬೇಕೆ? ಜಯಂತ ಇನ್ನು ಹಾಡುವುದೇ ಇಲ್ಲ ಎಂದುಬಿಟ್ಟ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅವನಿಲ್ಲದಿದ್ದರೆ ನಾನು ಬಾರಿಸುವುದು ಬರೀ ತಗಡು.

ಅಷ್ಟರಲ್ಲಿ ಹತ್ತಿರದ ಸವಡಿ ಊರಿನ ಮೈಲಾರಪ್ಪನ ಫೋನು ಬಂತು. ಈ ರೈತ ನಮ್ಮ ಕಟ್ಟಾ ಅಭಿಮಾನಿ. ಜೋಳ ಕಾಳು ಕಟ್ಟುವಾಗ ಹೊಲದ ನಡುವಿನ ಅಟ್ಟ ಏರಿ, ಕವಣೆ ಬೀಸಿ ಹಕ್ಕಿ ಕಾಯುವುದನ್ನು ಬಿಟ್ಟು ಸ್ಪೀಕರಿನಲ್ಲಿ ‘ಕಲ್ಲುಕುಟ್ಟು’ ಹಚ್ಚುತ್ತಿದ್ದ. ಗಿಳಿಗಳು ಪಕ್ಕದೂರಿಗೆ ಗುಳೆ ಹೋಗುತ್ತಿದ್ದವು.

“ನಿಮ್ಮ ಹೊಸಾದು ಹಚ್ಚೇನ್ರಿ,” ಎಂದ. “ಒಂದೀಟ ಬಂದ ನೋಡ್ರಿ.”

ಜಯಂತನನ್ನು ಬೈಕಿನ ಹಿಂದೆ ಹೇರಿಕೊಂಡು ಹೋದೆ. ಹೊಲದ ತುಂಬ ‘ಒಳಮಾತು’ ಇಂಪಾಗಿ ಕೇಳುತ್ತಿತ್ತು. ಗಿಳಿಗಳು ತೆನೆತೆನೆಯ ಮೇಲೆ ಕೂತು, ಬೀಗರ ಮನೆಯಲ್ಲಿ ಉಂಡ ಹಾಗೆ ಸಾವಕಾಶ ತಿನ್ನುತ್ತಿದ್ದವು. ಒಂದು ಗಿಳಿ ಸ್ಪೀಕರಿನ ಮೇಲೆಯೇ ಕೂತು ಕಣ್ಣು ಮುಚ್ಚಿತ್ತು.

“ಕೂತ ಕೇಳಾಕತ್ತಾವ ನೋಡ್ರಿ,” ಎಂದ ಮೈಲಾರಪ್ಪ ಬೇಸರದಿಂದ. “ಮೊದಲಿನ ಹಾಡಿಗಿ ಒಂದರ ಗಿಳಿ ನಿಂತಿತ್ತೇನ್ರಿ?”

ನನಗೆ ನಗು ತಡೆಯಲಾಗಲಿಲ್ಲ. ಜಯಂತ ನಗಲಿಲ್ಲ. ಸ್ಪೀಕರಿನ ವೈರು ಕಿತ್ತು, ಸರಸರನೆ ಅಟ್ಟ ಏರಿದ. ಅದೇ ಆಲ್ಬಮ್ಮಿನ ಮೊದಲ ಹಾಡನ್ನು, ಅಷ್ಟು ತಿದ್ದಿ ತೀಡಿದ ಅದೇ ಸಾಲುಗಳನ್ನು, ಹೊಟ್ಟೆಯ ತಳದಿಂದ ಕಿರುಚಿದ. ಗಿಳಿಗಳ ಹಿಂಡು ಒಮ್ಮೆಲೇ ಎದ್ದು ಹಾರಿತು. ಪಕ್ಕದ ಹೊಲದ ಎತ್ತುಗಳೂ ತಿರುಗಿ ನೋಡಿದವು. ಕೊನೆಯ ಸಾಲಿಗೆ ಅವನ ದನಿ ಒಡೆದು ಅಳು ಬಂತು.

ಕೆಳಗಿಳಿದವನಿಗೆ ಮೈಲಾರಪ್ಪ ತಂಬಿಗೆಯಲ್ಲಿ ನೀರು ಕೊಟ್ಟ.

“ಹಾಡಿನ ಮಾತು ತಿಳೀತೇನು?” ಜಯಂತ ಗೊಗ್ಗರು ದನಿಯಲ್ಲಿ ಕೇಳಿದ.

“ಒಂದ ಅಕ್ಷರ ತಿಳೀಲಿಲ್ರಿ,” ಎಂದ ಮೈಲಾರಪ್ಪ. “ಆದ್ರ ನಿಮಗ ಭಾಳ ನೋವಾಗೇತಿ ಅನ್ನೂದು ತಿಳೀತು. ಸ್ಪೀಕರಿನಾಗ ಅದ ಕೇಳಿಸಿದ್ದಿಲ್ಲ.”

ಜಯಂತ ತಂಬಿಗೆಯ ನೀರನ್ನು ಗಟಗಟ ಕುಡಿದು ಮುಗಿಸಿದ. ಗಿಳಿಗಳು ತಿರುಗಿ ಬರತೊಡಗಿದ್ದವು. ಅವನು ಮತ್ತೆ ಅಟ್ಟ ಏರಿದ. ನಾನು ಎರಡು ಕಡ್ಡಿ ಹಿಡಿದು, ಬದುವಿನಲ್ಲಿ ಬಿದ್ದಿದ್ದ ಖಾಲಿ ಎಣ್ಣೆಡಬ್ಬಿಯನ್ನು ಮುಂದಕ್ಕೆ ಎಳೆದುಕೊಂಡೆ.