ಅತ್ತೆಯ ಹೊಲದ ಮೊದಲ ತುತ್ತು

ಭಾನುವಾರ ಬಂತೆಂದರೆ ಓಣಿಯವರಿಗೆ ನಾವೇ ಒಂದು ತಮಾಷೆ. ರಾಯಚೂರಿನ ಜನ ರಜೆಯ ದಿನ ಫ್ಯಾನಿನ ಕೆಳಗೆ ಬಿದ್ದುಕೊಂಡು ಮೈ ಮುರಿಯುವ ಹೊತ್ತಿಗೆ ನಾವು ಮೂವರು ಚಾಪೆ, ಬುತ್ತಿ, ನೀರಿನ ಕ್ಯಾನು, ಅತ್ತೆಯ ಎಲೆಅಡಿಕೆ ಚೀಲ ಎಲ್ಲವನ್ನೂ ಹಳೆಯ ಕಾರಿಗೆ ತುಂಬಿಕೊಂಡು ದೇವದುರ್ಗದ ರಸ್ತೆ ಹಿಡಿಯುತ್ತಿದ್ದೆವು. ಎದುರು ಮನೆಯ ಆತಿಯಾ ಗೇಟಿಗೆ ಬಂದು, "ಪಿಕ್‌ನಿಕ್ ರೈತರು ಹೊಂಟ್ರು ನೋಡ್ರಿ!" ಎಂದು ಕೂಗುತ್ತಿದ್ದಳು.

"ಸಂಜಿಗೆ ಹಸಿ ಹೆಸರುಕಾಯಿ ಬೇಕಿದ್ರ ನಗೂದು ಬಂದ್ ಮಾಡು" ಎಂದು ನಾನೂ ಕೂಗುತ್ತಿದ್ದೆ. ಸಂಜೆ ಮೊದಲು ಕೈಚಾಚುತ್ತಿದ್ದವಳೂ ಅವಳೇ.

ಹೊಲ ಅತ್ತೆಯದು. ಅತ್ತೆ ಎಂದರೆ ನನ್ನ ಗಂಡ ವಿನೋದನ ತಾಯಿ, ಗೋಪಮ್ಮ. ಅರಕೇರಾ ದಾಟಿ, ಡಾಂಬರು ರಸ್ತೆಯಿಂದ ಬಂಡಿದಾರಿಗೆ ಇಳಿದರೆ ಸಿಗುವ ಎರೆಭೂಮಿ. ಹೋದ ಬೇಸಿಗೆಯಲ್ಲಿ ವಿನೋದ ಅದನ್ನು ತಾಯಿಯ ಹೆಸರಿಗೆ ಕೊಂಡ. ಅದಕ್ಕಿಂತ ಮುಂಚೆ ನಮ್ಮ ಮನೆತನದಲ್ಲಿ ಯಾರ ಹೆಸರಿಗೂ ಮೊಳದಷ್ಟು ನೆಲ ಇರಲಿಲ್ಲ. ಅತ್ತೆ ಹರೆಯದಲ್ಲಿ ಇದೇ ಸೀಮೆಯ ಹೊಲಗಳಲ್ಲಿ ಕಳೆ ತೆಗೆಯುವ ಕೂಲಿಗೆ ಹೋಗುತ್ತಿದ್ದವರು. ಮಾವನಿಗೆ ರಾಯಚೂರಿನಲ್ಲಿ ಜವಾನನ ನೌಕರಿ ಸಿಕ್ಕ ಮೇಲೆ ಊರು ಬಿಟ್ಟಿದ್ದರು. ಈಗ ಮಾವ ಇಲ್ಲ. ಮಗ ಆಸ್ಪತ್ರೆಯ ಲ್ಯಾಬಿನಲ್ಲಿ, ಸೊಸೆಯಾದ ನಾನು ಹೈಸ್ಕೂಲಿನಲ್ಲಿ. ನಮಗೆ ಹೊಲ ಹೊಟ್ಟೆಪಾಡಲ್ಲ ಎಂಬುದೇ ಓಣಿಯವರ ನಗೆಗೆ ಕಾರಣ.

ನಾನು ಮಾನ್ವಿಯವಳು, ಕಾಲುವೆ ನೀರಿನ ಭತ್ತದ ಗದ್ದೆಗಳನ್ನು ನೋಡುತ್ತ ಬೆಳೆದವಳು. ಮಳೆಯನ್ನೇ ನೆಚ್ಚಿಕೊಂಡ ಈ ಕಪ್ಪು ನೆಲ ನನಗೆ ಮೊದಲು ಸೇರಲೇ ಇಲ್ಲ. ಆಮೇಲೆ ಮೃಗಶಿರ ಮಳೆ ಬಿತ್ತು. ಬಿರುಕುಗಳೆಲ್ಲ ಬಾಯಿ ಮುಚ್ಚಿಕೊಂಡವು. ಮಣ್ಣು ಚಪ್ಪಲಿಗೆ ಅಂಟಿ ಅಂಟಿ, ಒಂದೊಂದು ಕಾಲೂ ಒಂದೊಂದು ಗಡಿಗೆಯಷ್ಟು ಭಾರವಾಯಿತು. ಎಲ್ಲಿಂದಲೋ ಮಖಮಲ್ಲಿನಂಥ ಕೆಂಪು ಹುಳುಗಳು ಹೊರಬಂದು ಹುಲ್ಲಿನ ಬುಡದಲ್ಲಿ ಓಡಾಡಿದವು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಲ್ಲಿ ನಿಂತು ನಕ್ಕೆ. ಸುಮ್ಮನೆ, ಕಾರಣವಿಲ್ಲದೆ. ನನ್ನ ವಯಸ್ಸಿನ ಹೆಂಗಸಿಗೆ ಕಾರಣವಿಲ್ಲದ ನಗು ಸಿಗುವುದು ಅಪರೂಪ.

ಶ್ರಾವಣದಲ್ಲಿ ಹೆಸರುಕಾಯಿ ಬಂತು. ಸಾಲಿನಲ್ಲೇ ಕುಳಿತು ಸುಲಿದು ತಿನ್ನುತ್ತಿದ್ದೆವು. ಹೆಸರು ಕಿತ್ತ ಮೇಲೆ ಜೋಳ ಬಿತ್ತುವ ತನಕ ಹೊಲ ಬರಿದಾಗಿದ್ದ ದಿನಗಳಲ್ಲಿ ದೇವದುರ್ಗದ ಕಡೆಯ ಬಂಡೆಗುಡ್ಡ ಹತ್ತಿ ಸೀತಾಫಲ ಹುಡುಕಿದೆವು. ವಿನೋದ ಒಂದು ಬೈನಾಕ್ಯುಲರ್ ಕೊಂಡು, ಕಂಡ ಹಕ್ಕಿಗೆಲ್ಲ ಹೆಸರು ಹೇಳತೊಡಗಿದ. ಅರ್ಧ ಅವನೇ ಇಟ್ಟ ಹೆಸರುಗಳೆಂದು ನನ್ನ ಗುಮಾನಿ. ಬಿಳಿ ಕೊಕ್ಕರೆಗಳು ಮಾತ್ರ ನನಗೂ ಗೊತ್ತಿದ್ದವು, ಮಾನ್ವಿಯ ನೆಂಟರು ಅವು.

ಇಷ್ಟೆಲ್ಲ ಸುಖದ ನಡುವೆ ಒಂದೇ ಸಂಕಟ. ಅತ್ತೆ ಹೊಲದಲ್ಲಿ ಉಣ್ಣುತ್ತಿರಲಿಲ್ಲ.

ಅದು ಶುರುವಾದದ್ದು ಹೆಸರು ಬಿತ್ತಿದ ದಿನ. ನಮ್ಮ ಹೊಲಕ್ಕೆ ಒತ್ತಿದ ಹೊಲ ಅಂಬಣ್ಣನದು. ಬಿತ್ತಲು ಅವನದೇ ಟ್ರ್ಯಾಕ್ಟರ್. ಬಿತ್ತಿ ಮುಗಿದ ಮೇಲೆ ಅತ್ತೆ ಬುತ್ತಿ ಬಿಚ್ಚಿ ಕರೆದರು, "ಬಾರಪ್ಪಾ ಅಂಬಣ್ಣ, ಎರಡ ತುತ್ತು ಉಂಡ ಹೋಗುವಂತಿ."

"ಈಗ ಉಂಡ ಬಂದೀನಬೇ. ಇನ್ನೊಮ್ಮಿ ಆಗ್ಲಿ ತಗೋ."

ಬೆಳಗಿನಿಂದ ಅವನು ಟ್ರ್ಯಾಕ್ಟರ್ ಇಳಿದದ್ದನ್ನೇ ನಾವು ನೋಡಿರಲಿಲ್ಲ. ಅತ್ತೆ ಬುತ್ತಿಯ ಮುಚ್ಚಳ ಹಾಕಿದರು. ಅಂಬಣ್ಣ ಒರಟನಲ್ಲ. ಕರೆದಾಗ ಬರುತ್ತಿದ್ದ, ಕೆಲಸ ಚೊಕ್ಕ ಮಾಡುತ್ತಿದ್ದ, ನಗುತ್ತ ಮಾತಾಡುತ್ತಿದ್ದ. ಕೂಲಿ ತೆಗೆದುಕೊಳ್ಳುತ್ತಿದ್ದ, ಚಹಾ ತೆಗೆದುಕೊಳ್ಳುತ್ತಿರಲಿಲ್ಲ. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನಾವು ಯಾವ ಕೇರಿಯವರೆಂದು ಅವನಿಗೆ ಗೊತ್ತು, ಅವನಿಗೆ ಗೊತ್ತೆಂದು ನಮಗೂ ಗೊತ್ತು.

"ಅತ್ತಿ, ಅವ ಉಣ್ಣದಿದ್ರ ಬಿಡ್ರಿ. ನೀವ್ಯಾಕ ಉಪವಾಸ?" ಎಂದೆ.

"ನನ್ನ ಹೊಲದಾಗ ಮೊದಲ ತುತ್ತು ವಡ್ಡಿನಾಚಿಯೋರದು. ಆಮ್ಯಾಲ ನಂದು" ಎಂದರು ಅತ್ತೆ. "ಆಗ ಎಳ್ಳಮಾಸಿ ದಿನ ನಾವು ಕೂಲಿಯೋರು ವಡ್ಡಿನ ಮ್ಯಾಲ ಕುಂದರ್ತಿದ್ವಿ. ತಾಟು ಸೈತ ಕೊಡ್ತಿರಲಿಲ್ಲ. ಮ್ಯಾಲಿಂದ ಸೆರಗಿನಾಗ ಹಾಕ್ತಿದ್ರು. ಉಂಡೀವಿ, ಇಲ್ಲ ಅನ್ನಂಗಿಲ್ಲ. ಈಗ ಅವ್ರು ಬಂದು ನನ್ನ ಹೊಲದಾಗ ಕುಂತು ಉಣ್ಲಿ. ನಾ ತಾಟಿನಾಗ ಹಾಕ್ತೀನಿ."

ಅಂದಿನಿಂದ ಪ್ರತಿ ಭಾನುವಾರ ಚೀಲದಲ್ಲಿ ಹೆಚ್ಚಿನ ಸ್ಟೀಲ್ ತಾಟುಗಳು ಬರುತ್ತಿದ್ದವು, ಹಾಗೇ ಹೊಳೆಯುತ್ತ ವಾಪಸು ಹೋಗುತ್ತಿದ್ದವು. ನಾನೂ ವಿನೋದನೂ ಬೇವಿನ ನೆರಳಲ್ಲಿ ರೊಟ್ಟಿ ಮುರಿಯುವಾಗ ಅತ್ತೆ ಎರಡು ಹೊಲಗಳ ನಡುವಿನ ಒಡ್ಡಿನ ಕಡೆ ಮುಖ ಮಾಡಿ ಎಲೆ ಅಗಿಯುತ್ತ ಕೂಡುತ್ತಿದ್ದರು. ಎಂಥ ರುಚಿಯ ಊಟವನ್ನೂ ನಾವು ಗಡಿಬಿಡಿಯಲ್ಲಿ ಮುಗಿಸುತ್ತಿದ್ದೆವು. ನನಗೆ ಸಿಟ್ಟೂ ಬರುತ್ತಿತ್ತು, ನಿಜ ಹೇಳುತ್ತೇನೆ. ವಾರಕ್ಕೊಮ್ಮೆ ಸಿಗುವ ಬಯಲು, ಗಾಳಿ, ಹಕ್ಕಿ. ಅದರಲ್ಲೂ ಈ ಹಠ! "ಬುದ್ಧನ ಫೋಟೋ ಮುಂದ ಕುಂತು ಹಠಾ ಮಾಡೂದು ಕಲ್ತಾಳ ನಮ್ಮವ್ವ" ಎಂದು ವಿನೋದ ನಗೆಯಾಡುತ್ತಿದ್ದ. ಆದರೆ ರಾಯಚೂರಿಗೆ ಬಂದು ಅತ್ತೆ ಅಡಿಗೆಮನೆಯಲ್ಲಿ ಒಬ್ಬರೇ ತಣ್ಣಗಾದ ಬುತ್ತಿ ಉಣ್ಣುವಾಗ ಅವನೂ ನಗುತ್ತಿರಲಿಲ್ಲ.

ಚಳಿಗಾಲದ ಎಳ್ಳಮಾವಾಸ್ಯೆ ಬಂತು. ಅವತ್ತು ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿ. ನಿಂತ ಬೆಳೆಗೆ ಅಡಿಗೆಯ ಎಡೆಯನ್ನು ಸುತ್ತಲೂ ಎರಚುವುದೇ ಚರಗ. ಒಬ್ಬರು ಮುಂದೆ ಚೆಲ್ಲಬೇಕು, ಇನ್ನೊಬ್ಬರು ಹಿಂದೆ ನೀರು ಹಾಕುತ್ತ ಬರಬೇಕು. ನೆಲ ಉಂಡ ಮೇಲೆಯೇ ಮನುಷ್ಯರ ಊಟ.

"ಹೊಲದಾಗ ಐದು ಕಲ್ಲಿಟ್ಟು ಪೂಜಿ ಮಾಡೂದು ನಮ್ಮೊಳಗ ಇಲ್ಲಬೇ" ಎಂದು ವಿನೋದ ತಕರಾರು ತೆಗೆದ.

"ಪೂಜಿ ಯಾರು ಮಾಡಾಕತ್ತಾರ? ವರ್ಷಪೂರ್ತಿ ಉಣಿಸಿದಾಕಿಗೆ ಒಂದಿನ ಉಣಿಸೂದು" ಎಂದರು ಅತ್ತೆ. ಅವನು ಬುಟ್ಟಿ ಎತ್ತಿ ಕಾರಿಗಿಟ್ಟ.

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ ಬದನೆ, ಶೇಂಗಾ ಹೋಳಿಗೆ, ಕಡುಬು, ಗಡಿಗೆ ಮೊಸರು. ಹೊಲ ಮುಟ್ಟಿದಾಗ ಎಲೆಗಳ ಮೇಲೆ ಇನ್ನೂ ಇಬ್ಬನಿ ಇತ್ತು. ಜೋಳ ನನ್ನ ತಲೆ ಮೀರಿ ಬೆಳೆದು ಆಗಷ್ಟೇ ತೆನೆ ಹೊತ್ತಿತ್ತು. ವಿನೋದನನ್ನು ಬೇವಿನ ಕೆಳಗೆ ಚಾಪೆ ಹಾಸಲು ಬಿಟ್ಟು, ಚರಗದ ಬುಟ್ಟಿಯನ್ನು ನಾನು ಎತ್ತಿಕೊಂಡೆ. ನೀರಿನ ಕೊಡ ಹಿಡಿದು ಅತ್ತೆ ಹಿಂದೆ ಬಂದರು.

"ದಾರಿ ಗೊತ್ತಾಗ್ತದಲ್ಲ?" ಎಂದು ವಿನೋದ ಕೇಳಿದ.

"ಮಾನ್ವಿ ಮಗಳಿಗೆ ಒಡ್ಡು ಹಿಡದು ನಡಿಯೂದು ಹೇಳಿಕೊಡ್ತಿ ಏನು?" ಎಂದೆ.

ಆ ಜಂಬವೇ ನನ್ನನ್ನು ಕೆಡಿಸಿತು. ಭತ್ತದ ಗದ್ದೆಯಲ್ಲಿ ಒಡ್ಡು ಎದ್ದು ಕಾಣುತ್ತದೆ, ಪೈರು ಮೊಣಕಾಲಿಗೆ ನಿಲ್ಲುತ್ತದೆ, ದಿಕ್ಕು ತಪ್ಪುವ ಮಾತೇ ಇಲ್ಲ. ಇಲ್ಲಿ ಒಡ್ಡು ಹುಲ್ಲಿನಲ್ಲಿ ಮುಳುಗಿತ್ತು. ಜೋಳದೊಳಗೆ ಹೊಕ್ಕರೆ ಮೇಲೊಂದು ಪಟ್ಟಿ ಆಕಾಶ ಬಿಟ್ಟು ಬೇರೇನೂ ಕಾಣದು. ನಾನು ಎರಚುತ್ತ, ಚರಗದ ಕೂಗು ಹಾಕುತ್ತ ನಡೆದೆ. ಎಲೆಗಳು ಕೆನ್ನೆಗೆ ತಣ್ಣಗೆ ತಾಗುತ್ತಿದ್ದವು. ಹೂವಿನ ಹುಡಿ ತಲೆಯ ಮೇಲೆ ಉದುರುತ್ತಿತ್ತು. ಎಷ್ಟು ಖುಷಿಯಾಗಿತ್ತೆಂದರೆ, ನಮ್ಮ ಹೊಲ ಇಷ್ಟು ದೊಡ್ಡದಿತ್ತೇ ಎಂಬ ಪ್ರಶ್ನೆ ಬಂದರೂ ಹೆಮ್ಮೆಯಲ್ಲೇ ಬಂದು ಹೋಯಿತು. ಹಿಂದೆ ಅತ್ತೆಯ ಕೊಡದ ನೀರಿನ ಸದ್ದು ಬಿಡದೆ ಬರುತ್ತಿತ್ತು.

ಬುಟ್ಟಿ ತಳ ಕಾಣುವ ಹೊತ್ತಿಗೆ ಜೋಳ ಮುಗಿದು ಬಯಲಿಗೆ ಬಂದೆ. ಎದುರಿಗೆ ನಮ್ಮ ಬೇವು ಇರಲಿಲ್ಲ. ಬನ್ನಿಗಿಡ ಇತ್ತು. ಅದರ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲುಗಳು, ಪಕ್ಕದಲ್ಲಿ ಇನ್ನೂ ಎತ್ತದ ಚರಗದ ಬುಟ್ಟಿ, ಕಂಬಳಿಯ ಮೇಲೆ ಅಂಬಣ್ಣನ ಮುದಿ ತಾಯಿ ಬೂದೆಮ್ಮ. ಅಂಬಣ್ಣ ಎದ್ದು ನಿಂತ.

"ಇದೇನ್ರಿ ಮೇಡಮ್ಮೋರ? ನಮ್ಮ ಹೊಲಕ್ಕ ನೀವು ಚರಗ ಚೆಲ್ಲೀರಿ?"

ನನ್ನ ಕೈಯಲ್ಲಿನ್ನೂ ಕಡುಬಿನ ಚೂರಿತ್ತು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ನಮ್ಮ ಮನೆಯ ಚಹಾ ಮುಟ್ಟದವನ ಹೊಲಕ್ಕೆ ಹಬ್ಬದ ದಿನ, ಅವನ ಎಡೆಗಿಂತ ಮೊದಲು, ನಮ್ಮ ಮನೆಯ ಅಡಿಗೆ ಎರಚಿ ಬಂದಿದ್ದೆ. ಇನ್ನು ಈ ವರ್ಷವಲ್ಲ, ಯಾವ ವರ್ಷವೂ ಅತ್ತೆ ಈ ಹೊಲದಲ್ಲಿ ಉಣ್ಣುವುದಿಲ್ಲ ಎನಿಸಿ ಕಣ್ಣು ತುಂಬಿ ಬಂತು. "ತಪ್ಪಾತ್ರೀ, ದಾರಿ ತಿಳೀಲಿಲ್ಲ" ಎಂದೆ.

ಬೂದೆಮ್ಮ ಹಣೆಗೆ ಕೈ ಹಚ್ಚಿ ನನ್ನ ಹಿಂದೆ ನೋಡುತ್ತಿದ್ದಳು. "ಅಕಿ ಯಾಕಿ? ಗೋಪಿ ಅಲ್ಲೇನು?"

"ಹೌದಬೇ, ಗೋಪಿ" ಎಂದರು ಅತ್ತೆ. ಕೊಡ ಸೊಂಟದ ಮೇಲೆಯೇ ಇತ್ತು.

"ಯವ್ವಾ, ಈಗೇನು ಮಾಡೂದು?" ಅಂಬಣ್ಣ ದನಿ ತಗ್ಗಿಸಿದ. "ನಮ್ಮದು ಮತ್ತೊಮ್ಮಿ ಚೆಲ್ಲೂಣೇನು?"

"ಉಂಡ ಬಾಯಿಗೆ ಮತ್ತ ತುರುಕ್ತಿ ಏನಲೇ?" ಮುದುಕಿ ಗದರಿದಳು. "ಭೂಮ್ತಾಯಿ ಗೋಪಿ ಕೈಯಾಂದು ಉಂಡಾಳ. ಅಕಿ ಉಂಡದ್ದನ್ನ ನಾವು ಒಲ್ಲೆ ಅನ್ನಾಕ ಬರ್ತದೇನು?" ಕೋಲೂರಿ ಎದ್ದಳು. "ಬುಟ್ಟಿ ಎತ್ತು. ಗೋಪಿ ಹೊಲ ಉಪವಾಸ ಅದ. ನಮ್ಮದು ಅಲ್ಲಿ ಚೆಲ್ಲೂಣು ನಡಿ."

ಅಂಬಣ್ಣ ಬುಟ್ಟಿ ಎತ್ತಿದ. ಈ ಸಲ ಮುಂದೆ ಅವನು, ಹಿಂದೆ ಅತ್ತೆಯ ಕೊಡ. ಮೂಲೆಗೊಮ್ಮೆ ನಿಂತು ಹುಲ್ಲು ಸರಿಸಿ, "ಮೇಡಮ್ಮೋರ, ಇದು ನೋಡ್ರಿ ನಿಮ್ಮ ಹೊಲದ ಗಡಿಕಲ್ಲು. ಮುಂದಿನ ಸಲ ದೇವದುರ್ಗಕ್ಕ ಹೋಗಿ ಮುಟ್ಟೀರಿ ಮತ್ತ" ಎಂದು ನನ್ನ ಮಾನ ಕಳೆದ. ಕಳೆಯಲಿ ಬಿಡಿ, ಅವತ್ತು ನನಗೆ ಅದೂ ಸಿಹಿಯೇ.

ಜೋಳದೊಳಗಿಂದ ಇಷ್ಟು ಜನ ಬರುವುದನ್ನು ಕಂಡು ವಿನೋದ ಜಗಳವೇ ಎಂದುಕೊಂಡು ಎದ್ದು ನಿಂತಿದ್ದ. ಬೂದೆಮ್ಮ ಅವನ ಚಾಪೆಯ ಮೇಲೆ ಕಾಲು ನೀಡಿ ಕುಳಿತು, "ಹಸಿವಿ ಆಗ್ಯಾದ ಗೋಪಿ, ನೀಡು" ಎಂದಳು.

ಅತ್ತೆ ಚೀಲದಿಂದ ತಾಟು ತೆಗೆದರು. ಸೆರಗಿನಿಂದ ಒರೆಸಿದರು, ಮತ್ತೊಮ್ಮೆ ಒರೆಸಿದರು. ರೊಟ್ಟಿ, ಪಲ್ಯ ಒಂದೊಂದಾಗಿ ಇಟ್ಟರು. ಬೂದೆಮ್ಮ ಒಂದು ತುತ್ತು ಮುರಿದು ಬಾಯಿಗಿಟ್ಟು, ಹಲ್ಲಿಲ್ಲದ ಬಾಯಲ್ಲಿ ನಿಧಾನ ಅಗಿದಳು. ಒಬ್ಬರು ಅಗಿಯುವುದನ್ನು ನಾನು ಹಾಗೆ ಉಸಿರು ಹಿಡಿದು ನೋಡಿದ್ದು ಅದೇ ಮೊದಲು.

"ಪುಂಡಿಪಲ್ಯಕ್ಕ ಉಪ್ಪು ಕಡಿಮಿ ಆಗ್ಯಾದ" ಎಂದಳು.

ಅತ್ತೆ ನಕ್ಕರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ಅಂಬಣ್ಣ ತಲೆ ತಗ್ಗಿಸಿ ಉಂಡ. ಕೊನೆಗೆ ತಾಟು ಮುಂದೆ ಹಿಡಿದು, "ಇನ್ನೊಂದು ರೊಟ್ಟಿ ಹಾಕಬೇ" ಎಂದ. ಅದನ್ನು ಹಾಕಿದ ಮೇಲೆ ಅತ್ತೆ ತಮಗೂ ಒಂದು ತಾಟು ತೆಗೆದುಕೊಂಡು, ತಮ್ಮ ಹೊಲದಲ್ಲಿ, ಚಕ್ಕಳಮಕ್ಕಳ ಹಾಕಿ ಕುಳಿತು ಉಂಡರು. ಹೋಳಿಗೆಯ ಮೇಲೆ ಹೋಳಿಗೆ. ಮಧ್ಯಾಹ್ನ ಎಲ್ಲರೂ ನೆರಳಲ್ಲಿ ಅಡ್ಡಾದೆವು. ಗಿಳಿಗಳು ತೆನೆಗೆ ಬಂದವು, ಯಾರೂ ಓಡಿಸಲು ಏಳಲಿಲ್ಲ.

ಸಂಜೆ ಕಾರಿನಲ್ಲಿ ಬರುವಾಗ ನನಗೆ ಒಂದು ವಿಷಯ ತಲೆಯಲ್ಲಿ ಕೊರೆಯತೊಡಗಿತು. ಹಿಂದಿನ ಸೀಟಿಗೆ ತಿರುಗಿದೆ.

"ಅತ್ತಿ, ಬೂದೆಮ್ಮ ನಿಮ್ಮ ಗುರುತು ಹಿಡದಳಲ್ಲ, ಅಂಬಣ್ಣನ ಹೊಲದಾಗೂ ನೀವು ಕಳೆ ತಗೀತಿದ್ರೇನು?"

"ಲಗ್ನ ಆಗಿ ಬಂದಾಗಿಂದ ಊರು ಬಿಡೋ ತನಕ."

"ಮತ್ತ ನಾ ದಾರಿ ತಪ್ಪಿದ್ದು ನಿಮಗ ಗೊತ್ತಾಗಲಿಲ್ಲೇನು?"

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಗೊತ್ತಾತು."

"ಹೇಳಬೇಕಿಲ್ಲೇನ್ರಿ?"

"ಹೇಳಬೇಕಂತ ಬಾಯಿ ತಗದೆ. ಆಮ್ಯಾಲ ಸುಮ್ಮನಾದೆ. ನನ್ನ ಹರೇವೆಲ್ಲ ಆ ಹೊಲದಾಗ ಹೋಗ್ಯಾದವ್ವ. ಒಂದಿನಾನೂ ಅದಕ ನನ್ನ ಕೈಯಿಂದ ತುತ್ತು ಹಾಕಿರಲಿಲ್ಲ. ಅವ್ರು ಉಣ್ಣಲಿ ಬಿಡ್ಲಿ, ಆ ನೆಲಾರ ಉಣ್ಲಿ ಅಂದೆ."

ವಿನೋದ ಕಾರು ನಿಧಾನ ಮಾಡಿದ. ಎರಡೂ ಕಡೆ ಜೋಳದ ಮೇಲೆ ಸಂಜೆ ಬಿಸಿಲು ಬಿದ್ದಿತ್ತು. ನಾನು ಕೈ ಹಿಂದೆ ಚಾಚಿ ಅತ್ತೆಯ ಕೈ ಹಿಡಿದುಕೊಂಡೆ. ಸುಣ್ಣ ನನ್ನ ಬೆರಳಿಗೂ ಹತ್ತಿತು.

"ತೆನಿ ಹಾಲು ತುಂಬಿದ ಮ್ಯಾಲ ಹಸಿ ತೆನಿ ಸುಟ್ಟು ಸೀತನಿ ಮಾಡ್ತೀವಿ, ನಮ್ಮ ಬನ್ನಿಗಿಡದ ಕೆಳಗ ಬರ್ರಿ ಅಂತ ಬೂದೆಮ್ಮ ಹೇಳ್ಯಾಳ" ಎಂದರು ಅತ್ತೆ. ಕಿಟಕಿಯ ಹೊರಗೆ ನೋಡುತ್ತಲೇ ಅಂದರು, "ತಾಟು ತರಬ್ಯಾಡ್ರಿ, ನಮ್ಮನಿ ತಾಟು ಅದಾವ ಅಂದಾಳ."