ಹತ್ತಬಾರದ ಗುಡ್ಡ

ಪ್ರತಿಭಾಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಕೋವಿಡ್ ವರ್ಷಗಳನ್ನು ಅಮೆರಿಕದ ರಾಲಿಯ ಆಸ್ಪತ್ರೆಯೊಂದರ ಐಸಿಯುನಲ್ಲಿ ಕಳೆದ ಡಾಕ್ಟರ್ ಆಕೆ. ಆ ಗದ್ದಲ ಮುಗಿದ ಮೇಲೂ ಊಟದ ನಡುವೆ ಎದ್ದು ಫೋನ್ ನೋಡುತ್ತಿದ್ದಳು. ಗಂಡ ಪವನ ಒಂದು ಮಾತೂ ಕೇಳದೆ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಕ್ಯಾಂಪಿಂಗ್ ಬುಕ್ ಮಾಡಿ, ರಾಲಿಯ ಧಾರವಾಡದವರೆಲ್ಲ ಸೇರಿದ್ದ ಯುಗಾದಿ ಊಟದಲ್ಲಿ ಹೇಳಿಬಿಟ್ಟ. ಎಲ್ಲರೆದುರು ಇಲ್ಲ ಅನ್ನಲಾಗಲಿಲ್ಲ.

ಹೊರಡುವ ಹೊತ್ತಿಗೆ ಅವಳ ರೋಗಿಯೊಬ್ಬಳು ವೆಂಟಿಲೇಟರ್ ಮೇಲಿದ್ದಳು, ಸ್ಕೂಲ್ ಬಸ್ ಓಡಿಸುತ್ತಿದ್ದ ಹೆಂಗಸು. ಆಕೆಯನ್ನು ಸಹೋದ್ಯೋಗಿ ಅಮೃತ್‌ಗೆ ಒಪ್ಪಿಸಿ ಬಂದಿದ್ದಳು.

ಮರುಭೂಮಿಯಲ್ಲಿ ಅವರ ಗೈಡ್ ಲೊರೇನ್, ಆ ನೆಲದ ಮೂಲನಿವಾಸಿ. ಅಲ್ಲಿಯೂ ಹಿರಿಯ ಹೆಂಗಸರನ್ನು ಆಂಟಿ ಅಂತಲೇ ಕರೆಯುತ್ತಾರೆಂದು ತಿಳಿದು ಪವನನಿಗೆ ಖುಷಿಯೋ ಖುಷಿ. ಬತ್ತಿದ ಹೊಳೆಯ ಮರಳಿನಲ್ಲಿ ಚಹಾಕ್ಕೆ ನೀರಿಡುತ್ತ ಆಕೆ ಕೆಂಪು ಗುಡ್ಡವೊಂದನ್ನು ತೋರಿಸಿದಳು.

"ಅದು ನಮಗೆ ಪವಿತ್ರ, ಅದನ್ನು ನಾವು ಹತ್ತುವುದಿಲ್ಲ. ನೀವೂ ಹತ್ತಬೇಡಿ. ಇಲ್ಲಿಂದಲೇ ನೋಡಿ."

ಗುಂಪಿನ ಪ್ರವಾಸಿಗರೆಲ್ಲರೂ ಕೂತರು. ಪ್ರತಿಭಾಳ ಮೊಣಕಾಲು ಅದುರುತ್ತಲೇ ಇತ್ತು.

"ಒಂದೀಟು ಸುಮ್ನ ಕೂಡಬಾರದೇನ," ಎಂದ ಪವನ.

"ನಿನ್ನೆಯಿಂದ ಫೋನ್ ಹತ್ತವಲ್ದು. ಅಕಿದು ಏನಾತೋ ಏನೋ."

"ಅಮೃತ್ ಇದ್ದಾನ."

"ಅಂವ ಇದ್ದಾನ ಖರೆ. ನಾ ಇಲ್ಲಲ್ಲ."

ಕಾಲಾಡಿಸಿ ಬರುತ್ತೇನೆಂದು ಎದ್ದವಳು ಸಿಗ್ನಲ್ ಸಿಕ್ಕೀತೆಂದು ಗುಡ್ಡದ ಹಿಂಬದಿಯಿಂದ ಹತ್ತಿಯೇಬಿಟ್ಟಳು. ನೆತ್ತಿಯಲ್ಲಿ ಫೋನ್ ಒಮ್ಮೆ ನಡುಗಿತು. ಅಮೃತ್‌ನ ಮೆಸೇಜ್: ಆಕೆ ಹೋಗಿಬಿಟ್ಟಳು. ಓದುತ್ತಲೇ ಇಳಿಯುವಾಗ ಕಲ್ಲು ಜಾರಿ ಕಾಲು ಉಳುಕಿತು. ಎದ್ದು ನಿಲ್ಲಲು ಹೋದರೆ ಕಣ್ಣಿಗೆ ಕತ್ತಲೆ.

ಅವಳ ಕೂಗಿಗೆ ಓಡಿಬಂದ ಲೊರೇನ್ ಗುಡ್ಡದ ಬುಡದಲ್ಲೇ ನಿಂತಳು. ಮೇಲೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಹತ್ತಲು ಹೊರಟ ಪವನನ ತೋಳು ಹಿಡಿದು ನಿಲ್ಲಿಸಿ, "ಕೂತುಕೊಂಡೇ ಜಾರುತ್ತಾ ಬಾ. ಬಲಗಡೆ. ನನ್ನ ಕಡೆ ನೋಡು," ಎಂದು ಕೂಗಿ ಹೇಳುತ್ತ ಹೋದಳು. ಪ್ರತಿಭಾ ಕೆಳಗೆ ಮುಟ್ಟಿದಾಗ ಲೊರೇನ್ ಅವಳ ಕಾಲನ್ನು ಹಿಡಿದು ನೋಡಿದಳು.

"ಬೇಡ ಅಂದಿದ್ದೆ."

"ಸಾರಿ, ಆಂಟಿ. ಬಿದ್ದದ್ದು ನಾನು, ನನ್ನದೇ ತಪ್ಪು."

"ನೀನು ಸತ್ತಿದ್ದರೆ ನಿನ್ನನ್ನು ಯಾರು ಕೇಳುತ್ತಿದ್ದರು? ಈ ನೆಲದ ಹಿರಿಯನಾದ ನನ್ನ ಮಾವ ನನ್ನನ್ನು ಕೇಳುತ್ತಾನೆ. ಇಲ್ಲಿಗೆ ಬಂದವರನ್ನು ನೋಡಿಕೊಳ್ಳಬೇಕಾದವರು ನಾವು."

ಪ್ರತಿಭಾಗೆ ಐಸಿಯು ಹೊರಗೆ ನಿಂತ ಮನೆಯವರು ತನ್ನನ್ನು ಕೇಳುವುದೂ ಹೀಗೆಯೇ ಅಲ್ಲವೇ ಅನ್ನಿಸಿತು.

ಉಳಿದವರು ಇನ್ನೊಬ್ಬ ಗೈಡ್ ಜೊತೆ ಕಣಿವೆ ನೋಡಲು ಹೋದರು. ಪವನ ಬೇಡವೆಂದರೂ ಕೇಳದೆ ಪ್ರತಿಭಾ ಅವನನ್ನೂ ಕಳಿಸಿದಳು. ಊದಿದ ಕಾಲನ್ನು ಚೀಲದ ಮೇಲಿಟ್ಟು ಲೊರೇನ್ ಜೊತೆ ಕೂರದೆ ಗತಿಯಿರಲಿಲ್ಲ. ಸರಿಯುವ ನೆರಳನ್ನೇ ನೋಡಿ ನೋಡಿ ತಲೆ ಕೆಟ್ಟಿತು. ಕೊನೆಗೆ, "ನನ್ನ ರೋಗಿಯೊಬ್ಬಳು ತೀರಿಕೊಂಡಳು. ಅವಳ ಹೆಸರು..." ಎಂದು ಶುರುಮಾಡಿದಳು.

"ಹೆಸರು ಬೇಡ," ಲೊರೇನ್ ಕೈಯೆತ್ತಿದಳು. "ಈಗಷ್ಟೇ ಹೋದವರ ಹೆಸರನ್ನು ನಾವು ಹೇಳುವುದಿಲ್ಲ. ಹೇಗಿದ್ದಳು, ಅದನ್ನು ಹೇಳು."

ಪ್ರತಿಭಾ ತಡವರಿಸಿದಳು. ಆಕ್ಸಿಜನ್ ಲೆವೆಲ್ಲು, ಕಿಡ್ನಿ ರಿಪೋರ್ಟು ಬಿಟ್ಟರೆ ಬೇರೇನೂ ಬಾಯಿಗೆ ಬರಲೊಲ್ಲದು. ಆಮೇಲೆ ನೆನಪಾಯಿತು: ಗಂಟಲಿಗೆ ಟ್ಯೂಬ್ ಹಾಕುವ ಮುಂಚೆ ಆಕೆ, ನಾಳೆ ನನ್ನ ಬಸ್ ಯಾರು ಓಡಿಸುತ್ತಾರೆ ಎಂದು ಕೇಳಿದ್ದಳು. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ಲೊರೇನ್ ಸಮಾಧಾನ ಮಾಡಲಿಲ್ಲ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನಾಳೆ ಮಾವನಿಗೆ ಹೇಳಬೇಕು," ಎಂದಳು.

"ನಾನೇ ಹೇಳುತ್ತೇನೆ."

ಮರುದಿನ ಲೊರೇನಳ ಮುದುಕ ಮಾವ ತನ್ನ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಪ್ರತಿಭಾ ಕುಂಟುತ್ತ ಹೋಗಿ ನಡೆದದ್ದೆಲ್ಲ ಹೇಳಿ, "ಆಂಟಿ ಎಚ್ಚರಿಸಿದ್ದರು. ನಾನು ಕೇಳಲಿಲ್ಲ," ಎಂದಳು. ಆತ ಅವಳ ಊದಿದ ಕಾಲನ್ನೇ ನೋಡುತ್ತ ಕೂತ. ಅವಳಿಗೆ ಸುಮ್ಮನೆ ನಿಲ್ಲುವುದು ಗುಡ್ಡ ಇಳಿದದ್ದಕ್ಕಿಂತ ಕಷ್ಟವಾಯಿತು.

"ಬಂದು ಹೇಳಿದೆಯಲ್ಲ," ಎಂದ ಕೊನೆಗೆ. "ಆಯ್ತು, ಹೋಗು."

ಏರ್‌ಪೋರ್ಟಿನಲ್ಲಿ ಫೋನ್ ಹತ್ತಿದ್ದೇ ತಡ, ಅಮೃತ್‌ನಿಂದ ನಂಬರ್ ತೆಗೆದುಕೊಂಡು ಆ ಹೆಂಗಸಿನ ಗಂಡನಿಗೆ ಕಾಲ್ ಮಾಡಿದಳು.

"ನಾನು ಡಾಕ್ಟರ್ ಪ್ರತಿಭಾ. ಆವತ್ತು ನಾನು ಊರಲ್ಲಿರಲಿಲ್ಲ. ಬಂದ ಮೇಲೆ ನಿಮ್ಮ ಮನೆಗೆ ಬರಬಹುದೇ?"

ಆತ, "ಬನ್ನಿ. ಅವಳ ಬಗ್ಗೆ ಮಾತಾಡೋಣ," ಎಂದ.